ಬ್ರಿಟಿಷರ ಕೋಟೆನ ಯಾರಾದ್ರೂ ಒಡೆದಿದ್ರಾ? ಸೇಂಟ್ ಕಿಟ್ಸ್ ಬಗ್ಗೆ ಗೊತ್ತಿರೋರು ಹೇಳಿ

ಚಾಮರಾಜಪೇಟೆ_ಹುಡುಗ:
ಭಾನುವಾರ ಅಕ್ಕನ ಮಗನ್ನ ಕರ್ಕೊಂಡು ಕೆ.ಆರ್. ಮಾರ್ಕೆಟ್ ಹತ್ರದ ಕೋಟೆಗೆ ಹೋಗಿದ್ದೆ, 1791 ಮಾರ್ಚ್ 21ಕ್ಕೆ ಬ್ರಿಟಿಷರು ಇಲ್ಲಿಂದ್ಲೇ ಗೋಡೆ ಒಡ್ಕೊಂಡು ನುಗ್ಗಿದ್ರು ಅಂತ ಕಲ್ಲು ಹಾಕಿದಾರಲ್ಲ, ಅದನ್ನ ಬೆರಳಿಟ್ಟು ಓದಿ "ಅವರ ಕೋಟೆನ ಯಾರೂ ಹಿಂಗೆ ಒಡೀಲೇ ಇಲ್ವಾ ಮಾಮ" ಅಂದ. ಹುಡುಕ್ದಾಗ ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದ ಬ್ರಿಮ್‌ಸ್ಟೋನ್ ಹಿಲ್ ಸಿಕ್ತು. ಪೂರ್ತಿ ಕಥೆ ಯಾರಿಗಾದ್ರೂ ಗೊತ್ತಾ?

ಕೋಟೆ_ಪ್ರೇಮಿ:
ಒಳ್ಳೆ ಪ್ರಶ್ನೆ ಕೇಳಿದಾನೆ ಹುಡುಗ. ಅದು ಸುಮಾರು 230 ಮೀಟರ್ ಎತ್ತರದ ಬೆಟ್ಟ, 1690ರಲ್ಲಿ ಫ್ರೆಂಚರ ಕೈಲಿದ್ದ ಕೆಳಗಿನ ಕೋಟೆ ಮೇಲೆ ಗುಂಡು ಹಾರಿಸೋಕೆ ಅಂತ ಬ್ರಿಟಿಷರು ಮೊದಲು ತೋಪು ಹತ್ತಿಸಿದ್ರು, ಆಮೇಲೆ ನೂರು ವರ್ಷ ಕಟ್ತಾನೇ ಹೋದ್ರು. ವೆಸ್ಟ್ ಇಂಡೀಸ್‌ನ ಜಿಬ್ರಾಲ್ಟರ್ (ಸ್ಪೇನ್ ಪಕ್ಕದ ಬ್ರಿಟಿಷರ ಗಟ್ಟಿ ಬಂಡೆಕೋಟೆ) ಅಂತಾನೇ ಹೆಸರು. 1782ರ ಜನವರಿಲಿ 8,000 ಫ್ರೆಂಚ್ ಸೈನಿಕರು ಮುತ್ತಿಗೆ ಹಾಕಿದ್ರು, ಒಳಗಿದ್ದೋರು ಸುಮಾರು ಸಾವಿರ ಜನ. ಮೇಲಕ್ಕೆ ಸಾಗಿಸ್ಬೇಕಿದ್ದ ಬ್ರಿಟಿಷ್ ತೋಪುಗಳು ಬೆಟ್ಟದ ಬುಡದಲ್ಲೇ ಬಿದ್ದಿದ್ವು, ಅವನ್ನೇ ಹಿಡ್ಕೊಂಡು ಫ್ರೆಂಚರು ಕೋಟೆ ಕಡೆ ತಿರುಗಿಸಿದ್ರು. ಒಂದು ತಿಂಗಳು ತಡ್ಕೊಂಡು ಫೆಬ್ರವರಿಲಿ ಕೋಟೆ ಶರಣಾಯ್ತು. 1783ರ ಒಪ್ಪಂದದಲ್ಲಿ ದ್ವೀಪ ವಾಪಸ್ ಬ್ರಿಟಿಷರಿಗೇ ಹೋಯ್ತು.

ಬಸವನಗುಡಿ_ಓದುಗಿ:
ಇದ್ರಲ್ಲಿ ಒಂದು ಮಾತು ಬಿಟ್ಹೋಗಿದೆ. ಪ್ಲಾನ್ ಹಾಕಿದ್ದು ಬ್ರಿಟಿಷ್ ಇಂಜಿನಿಯರ್‌ಗಳು, ಕಟ್ಟಿದ್ದು ಆಫ್ರಿಕಾದಿಂದ ತಂದ ಗುಲಾಮರು. ಜ್ವಾಲಾಮುಖಿಯ ಕಪ್ಪು ಕಲ್ಲು ಒಡೆದು, ಅದೇ ಬೆಟ್ಟದ ಸುಣ್ಣಕಲ್ಲು ಸುಟ್ಟು ಗಾರೆ ಮಾಡಿ, ಕಡಿದಾದ ಆ ಏರಲ್ಲಿ ಹೊತ್ತು ಮೇಲಕ್ಕೆ ತಂದಿದಾರೆ, ಅವರಲ್ಲಿ ಒಬ್ಬರ ಹೆಸರೂ ಗೋಡೆ ಮೇಲಿಲ್ಲ ಅನ್ನೋದು ನಂಗೆ ತುಂಬಾ ಸಂಕಟ. 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು, ಹುಡುಗನಿಗೆ ಹೇಳೋವಾಗ ದಯವಿಟ್ಟು ಇವರಿಂದ್ಲೇ ಶುರು ಮಾಡಿ.

ಕೋಟೆ_ಪ್ರೇಮಿ:
ನಿಜ ಮೇಡಂ, ನಾನೇ ಮೊದಲು ಹೇಳ್ಬೇಕಿತ್ತು. ಇನ್ನೊಂದು, 1781ರಲ್ಲಿ ಅಮೆರಿಕದ ಯಾರ್ಕ್‌ಟೌನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ಸಮುದ್ರದ ದಾರಿ ಮುಚ್ಚಿ ಸೋಲೋ ಹಾಗೆ ಮಾಡಿದ್ದು ಡಿ ಗ್ರಾಸ್‌ನ ಫ್ರೆಂಚ್ ನೌಕಾಪಡೆ, ಮೂರು ತಿಂಗಳಾದ್ಮೇಲೆ ಅದೇ ಪಡೆ ಸೇಂಟ್ ಕಿಟ್ಸ್‌ಗೆ ಹೋಗಿದ್ದು. ಯಾರ್ಕ್‌ಟೌನಲ್ಲಿ ಸೋತ ಕಾರ್ನ್‌ವಾಲಿಸೇ ಹತ್ತು ವರ್ಷಕ್ಕೆ ನಮ್ಮ ಕೋಟೆ ಗೋಡೆ ಒಡೆಸಿದ್ದು.

ಚಾಮರಾಜಪೇಟೆ_ಹುಡುಗ:
ಅಯ್ಯೋ, ಆ ಕಾರ್ನ್‌ವಾಲಿಸೇನಾ! ಇಬ್ರಿಗೂ ಥ್ಯಾಂಕ್ಸ್. ರಾತ್ರಿ ಊಟಕ್ಕೆ ಕೂತಾಗ ಹೇಳ್ತೀನಿ, ಕಲ್ಲು ಹೊತ್ತೋರಿಂದ್ಲೇ ಶುರು ಮಾಡ್ತೀನಿ ಮೇಡಂ.