ಪಿಕಪ್‌ನ ಹಿಂದಿನ ಬಾಡಿಯನ್ನು ಮನೆಯಲ್ಲೇ ಗಿಡ್ಡ ಮಾಡಬಹುದೇ?

ಪೆರ್ಲದ ತೋಟದವ:
ಅಡಿಕೆ, ತೆಂಗಿನಕಾಯಿ, ಹಟ್ಟಿಗೊಬ್ಬರ ಸಾಗಿಸುವ ನಮ್ಮ ಹಳೆಯ ಪಿಕಪ್‌ನ ಹಿಂದಿನ ಬಾಡಿಯನ್ನು ಒಂದೂವರೆ ಅಡಿ ಕತ್ತರಿಸಿ ಗಿಡ್ಡ ಮಾಡಬೇಕೆಂದಿದ್ದೇನೆ. ಮಡ್‌ಗಾರ್ಡ್ ಬಾಡಿಯ ಒಳಕ್ಕೆ ಉಬ್ಬಿರುವ ಮಾದರಿ, ತೆರೆಯುವುದು ಹಿಂದಿನ ಬಾಗಿಲು ಮಾತ್ರ. ತೊಂದರೆ ಎರಡು. ತೋಟಕ್ಕೆ ಇಳಿಯುವ ತಿರುವಿನಲ್ಲಿ ಬಾಲದ ಮೂಲೆ ಬರೆಗೆ, ಅಂದರೆ ದಾರಿಯ ಬದಿಯ ಕಡಿದಾದ ದಿಣ್ಣೆಗೆ, ತಾಗುತ್ತದೆ. ತೋಡು (ಸಣ್ಣ ಹಳ್ಳ) ದಾಟಿ ಮೇಲಕ್ಕೆ ಹತ್ತುವಾಗ ಹಿಂದಿನ ಬಂಪರ್ ನೆಲಕ್ಕೆ ಉಜ್ಜುತ್ತದೆ. ಮನೆಯಲ್ಲಿ ಗ್ರೈಂಡರ್ ಇದೆ, 200 ಆಂಪಿಯರ್‌ನ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಇದೆ, ಗೇಟು, ಕಿಟಕಿಯ ಸರಳು ಮಾಡಿ ಕೈ ಪಳಗಿದೆ. ಛಾಸಿಯನ್ನು, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟನ್ನು, ಮುಟ್ಟುವ ಯೋಚನೆ ಇಲ್ಲ. ಎಲ್ಲಿ ಕತ್ತರಿಸಿದರೆ ಚೆಂದ? ಮಾಡಿ ಗೊತ್ತಿದ್ದವರು ತಿಳಿಸಿ.

ಉಪ್ಪಳ ಗ್ಯಾರೇಜ್:
ಛಾಸಿಯನ್ನು ಮುಟ್ಟುವುದಿಲ್ಲ ಎಂದ ಮೇಲೆ ಜಾಗ ಒಂದೇ: ಮಡ್‌ಗಾರ್ಡಿನ ಹಿಂದೆ. ಕ್ಯಾಬಿನ್ ಕಡೆಯಿಂದ ಕತ್ತರಿಸಿದರೆ ಮಡ್‌ಗಾರ್ಡ್ ಮುಂದಕ್ಕೆ ಸರಿಯುತ್ತದೆ, ಚಕ್ರ ಇದ್ದಲ್ಲಿಯೇ ಇರುತ್ತದೆ. ಮಡ್‌ಗಾರ್ಡಿಗೂ ಹಿಂದಿನ ದೀಪಕ್ಕೂ ನಡುವೆ ಒಂದೂವರೆ ಅಡಿಯ ಹೋಳನ್ನು ತೆಗೆದು, ದೀಪ ಮತ್ತು ಬಾಗಿಲು ಇರುವ ಬಾಲದ ಭಾಗವನ್ನು ಇಡಿಯಾಗಿ ಮುಂದಕ್ಕೆ ತಂದು ಕೂಡಿಸಬೇಕು. ಪಕ್ಕದ ತಗಡು ಬಾಲದ ಕಡೆಗೆ ಸ್ವಲ್ಪ ಒಳಕ್ಕೆ ವಾಲಿರುತ್ತದೆ. ಹಾಗಾಗಿ ಹೋಳು ತೆಗೆದ ಮೇಲೆ ಎರಡು ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ. ಮೊದಲೇ ರಟ್ಟಿನಲ್ಲಿ ಅಚ್ಚು ತೆಗೆದು, ಎರಡೂ ಕಡೆಯ ಆಕಾರ ಎಲ್ಲಿ ಹೆಚ್ಚು ಹೊಂದುತ್ತದೆ ಎಂದು ನೋಡಿ ಗೆರೆ ಎಳೆಯಿರಿ.

ಬಾಡಿಯನ್ನು ಛಾಸಿಯ ಮೇಲೆ ಇಟ್ಟುಕೊಂಡು ಕೆಲಸ ಮಾಡಬೇಡಿ. ಡೀಸೆಲ್ ತುಂಬಿಸುವ ಕೊಳವೆಯ ಬಾಯಿ ಬಾಡಿಗೆ ಸ್ಕ್ರೂ ಹಾಕಿ ಕೂತಿರುತ್ತದೆ. ಅದನ್ನು ಬಿಚ್ಚಿ, ದೀಪದ ವಯರ್ ಕಳಚಿ, ಬೋಲ್ಟ್ ತೆಗೆದು ಚೈನ್ ಪುಲಿಯಲ್ಲಿ ಎತ್ತಿ ದೂರ ಇಡಿ. ಟ್ಯಾಂಕಿನ ಪಕ್ಕ ಕಿಡಿ ಹಾರಿಸುವ ಕೆಲಸ ಆಮೇಲೆ ಬರುವುದೇ ಇಲ್ಲ.

ಬಾಯಾರು ಭಾವ:
ಭಾವ, ಗೇಟು ಮಾಡಿದ ಕೈಗೂ ತಗಡು ಕೂಡಿಸುವ ಕೈಗೂ ಅಜಗಜಾಂತರ. ಗೇಟಿನ ಆಂಗ್ಲ್ 5 ಮಿಲಿಮೀಟರ್ ದಪ್ಪ, ಬಾಡಿಯ ಪಕ್ಕದ ತಗಡು ಒಂದು ಮಿಲಿಮೀಟರಿನ ಆಸುಪಾಸು. ಎರಡೂವರೆ ನಂಬರಿನ ರಾಡ್ ಹಿಡಿದು ಕೂತರೆ ಜೋಡಣೆಗಿಂತ ತೂತೇ ಹೆಚ್ಚಾಗುತ್ತದೆ. ಇದಕ್ಕೆ ರಾಡಿನ ಬದಲು 0.8 ಮಿಲಿಮೀಟರ್ ತಂತಿಯಲ್ಲಿ ಬೆಸೆಯುವ ಮಿಗ್ ಯಂತ್ರವೇ ಬೇಕು. ನಾನಾಗಿದ್ದರೆ ಇದಕ್ಕೆ ಕೈ ಹಾಕುತ್ತಿರಲಿಲ್ಲ.

ಉಪ್ಪಳ ಗ್ಯಾರೇಜ್:
ಮಿಗ್ ಬಾಡಿಗೆಗೆ ಸಿಗುತ್ತದೆ, ಅದೇನು ದೊಡ್ಡ ಅಡ್ಡಿಯಲ್ಲ. ತಪ್ಪುವುದು ಯಂತ್ರದಲ್ಲಲ್ಲ, ಅವಸರದಲ್ಲಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿಗೆ ವೆಲ್ಡ್ ಎಳೆದರೆ ತಗಡು ಹಪ್ಪಳದಂತೆ ಉಬ್ಬುತ್ತದೆ. ಇಲ್ಲೊಂದು ಚುಕ್ಕಿ, ಅರ್ಧ ಅಡಿ ಆಚೆ ಒಂದು, ಮತ್ತೆ ಹಿಂದಕ್ಕೆ ಬಂದು ನಡುವೆ ಒಂದು. ಕೈಯಿಟ್ಟು ನೋಡುವಷ್ಟು ಆರಿದ ಮೇಲೆಯೇ ಅದರ ಪಕ್ಕದ ಚುಕ್ಕಿ. ಕತ್ತರಿಸುವ ಮೊದಲು ಹಿಂದಿನ ಬಾಗಿಲಿನ ಎರಡು ಬದಿಗೂ ಅಡ್ಡಲಾಗಿ ಒಂದು ಪೈಪನ್ನು ತಾತ್ಕಾಲಿಕವಾಗಿ ಬೆಸೆಯಿರಿ. ಚುಕ್ಕಿ ಹಾಕುವಾಗ ಬಾಗಿಲು ಮುಚ್ಚಿ ಚಿಲಕ ಬಿದ್ದಿರಬೇಕು. ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಸಮ ಬರುವ ತನಕ ಮುಂದೆ ಹೋಗಬೇಡಿ. ಇಲ್ಲದಿದ್ದರೆ ಬಣ್ಣ ಬಳಿದ ಮರುದಿನ ಬಾಗಿಲು ಹಾಕಲು ಸುತ್ತಿಗೆ ಬೇಕಾಗುತ್ತದೆ.

ಇನ್ನೊಂದು ವಿಷಯ, ಪಕ್ಕದ ತಗಡಿನ ಜೋಡಣೆಯೂ ನೆಲದ ತಗಡಿನ ಜೋಡಣೆಯೂ ಒಂದೇ ಗೆರೆಯಲ್ಲಿ ಬೇಡ. ನೆಲದ್ದು ಅಡಿಯ ಅಡ್ಡಪಟ್ಟಿಯ ಮೇಲೆ ಬರಲಿ, ಗೊಬ್ಬರದ ಭಾರ ಹೊರುವುದು ಅದೇ.

ಕುಂಬಳೆ ಕಡಲಕರೆ:
ಜೋಡಣೆಯ ಒಳಮೈ ನೋಡುವವರು ಯಾರು? ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು, ಮೇಲಿಂದ ಗೊಬ್ಬರದ ನೀರು. ಹೊರಗೆ ಪುಟ್ಟಿ ಬಳಿದು ಬಣ್ಣ ಹೊಡೆದು ಫೋಟೋ ಹಾಕುತ್ತಾರೆ, ಎರಡು ಮಳೆಗಾಲ ಕಳೆದಾಗ ಗೆರೆ ಎಳೆದ ಹಾಗೆ ಅದೇ ಜಾಗದಲ್ಲಿ ತುಕ್ಕು ಎದ್ದಿರುತ್ತದೆ. ಎರಡು ಪದರ ಒಂದರ ಮೇಲೊಂದು ಬರುವ ಕಡೆ ಬೆಸೆಯುವ ಮೊದಲೇ ಸತುವಿನ ಪ್ರೈಮರ್ ಇರಬೇಕು, ಬೆಸೆದ ಮೇಲೆ ಸಂದಿಗೆ ಸೀಲರ್ ತುಂಬಬೇಕು. ಬರೀ ರೆಡ್ ಆಕ್ಸೈಡ್ ಬಳಿದು ಕೈ ತೊಳೆದುಕೊಳ್ಳುವ ಕೆಲಸ ಇದಲ್ಲ.

ಪೆರ್ಲದ ತೋಟದವ:
ಮನೆಯ ಮಾಡಿಗೆ ತಂದ ಜಿಐ (ಸತು ಲೇಪಿಸಿದ) ಶೀಟ್ ಉಳಿದಿದೆ. ತುಕ್ಕು ಹಿಡಿಯದಲ್ಲ, ತೇಪೆಗೆ ಅದನ್ನೇ ಬಳಸಿದರೆ?

ಉಪ್ಪಳ ಗ್ಯಾರೇಜ್:
ಬೇಡವೇ ಬೇಡ. ಮಾಡಿನ ಶೀಟ್ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಮೇಲಾಗಿ ಸತು 907 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ, ಉಕ್ಕು ಕರಗಬೇಕಾದರೆ 1,500ರ ಹತ್ತಿರ ಹೋಗಬೇಕು. ಕಬ್ಬಿಣ ಕೂಡುವ ಮೊದಲೇ ಬಿಳಿ ಹೊಗೆ ನಿಮ್ಮ ಎದೆಯೊಳಗೆ. ರಾತ್ರಿ ಚಳಿಜ್ವರ, ಮೈಕೈ ನೋವು. ಹಾಲು ಕುಡಿದರೆ ಸರಿಯಾಗುತ್ತದೆ ಎಂದು ಹಳೆಯ ವೆಲ್ಡರುಗಳು ಹೇಳುತ್ತಾರೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋದದ್ದು ಶ್ವಾಸಕೋಶಕ್ಕೆ. ಅಂಚಿನ ಸತುವನ್ನು ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಮುಖವಾಡ ಹಾಕಿ ಮಾಡಬೇಕು. ಅದಕ್ಕಿಂತ ಕತ್ತರಿಸಿ ತೆಗೆದ ಹೋಳಿನ ತಗಡೇ ಇದೆಯಲ್ಲ, ತೇಪೆಗೆ ಅದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ?

ಗಡಿನಾಡ ವಕೀಲೆ:
ಕತ್ತರಿಸುವ ಗೆರೆಯ ಬಗ್ಗೆ ಇಷ್ಟು ಮಾತಾಯಿತು, ಆರ್‌ಸಿಯ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಆರ್‌ಸಿಯಲ್ಲಿ ಬಾಡಿಯ ಬಗೆ, ಖಾಲಿ ವಾಹನದ ತೂಕ ಎರಡೂ ನಮೂದಾಗಿರುತ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೆ ಹೊಂದದ ಹಾಗೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳ ಹೈಕೋರ್ಟ್ ಈ ವಿಷಯದಲ್ಲಿ ಸ್ವಲ್ಪ ಸಡಿಲ ಬಿಟ್ಟಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ.

ಬಾಯಾರು ಭಾವ:
ಅಕ್ಕ, ಮಂಗಳೂರಿನಲ್ಲಿ ಬರೀ ಕ್ಯಾಬಿನ್ ಮತ್ತು ಛಾಸಿ ಕೊಂಡು ತಂದು ಬೇಕಾದ ಹಾಗೆ ಬಾಡಿ ಕಟ್ಟಿಸಿಕೊಳ್ಳುವವರು ಎಷ್ಟು ಮಂದಿ ಇಲ್ಲ? ಅವರಿಗೊಂದು ನ್ಯಾಯ, ನಮ್ಮ ಭಾವನಿಗೊಂದು ನ್ಯಾಯವೇ?

ಗಡಿನಾಡ ವಕೀಲೆ:
ಅವರು ಬಾಡಿ ಕಟ್ಟಿಸಿದ ಮೇಲೆ ನೋಂದಣಿ ಮಾಡಿಸುತ್ತಾರೆ, ಆರ್‌ಸಿಯಲ್ಲಿ ಬರುವುದೇ ಆ ಬಾಡಿ. ನೋಂದಣಿಯಾದ ಮೇಲೆ ಬದಲಿಸುವುದಾದರೆ ಆರ್‌ಟಿಒ ಕಚೇರಿಯ ಒಪ್ಪಿಗೆ ಮೊದಲು, ಗ್ರೈಂಡರ್ ಆಮೇಲೆ. ಇವರದು ಸರಕು ವಾಹನ, ಎಂಟು ವರ್ಷ ದಾಟಿದ್ದರೆ ಪ್ರತಿ ವರ್ಷ ಫಿಟ್‌ನೆಸ್‌ಗೆ ನಿಲ್ಲಿಸಲೇಬೇಕು. ಅಲ್ಲಿ ಟೇಪ್ ಹಿಡಿದವರು ಭಾವ, ಅಕ್ಕ ಎಂದು ನೋಡುವುದಿಲ್ಲ. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ನೀವೇ ದಾರಿ ಮಾಡಿಕೊಟ್ಟ ಹಾಗೆ.

ಮುಳ್ಳೇರಿಯ ಮಾಸ್ತರು:
ಕಾಯ್ದೆ ಒತ್ತಟ್ಟಿಗಿರಲಿ, ಲಾಭವಾದರೂ ಎಷ್ಟು? ತೋಟದವರೇ, ಎರಡು ಅಳತೆ ಕೊಡಿ: ಹಿಂದಿನ ಆಕ್ಸಲ್‌ನಿಂದ ಬಾಲದ ತುದಿಗೆ ಎಷ್ಟು, ಬಾಲದ ಕೆಳ ಅಂಚು ನೆಲದಿಂದ ಎಷ್ಟು ಮೇಲೆ?

ಪೆರ್ಲದ ತೋಟದವ:
ಆಕ್ಸಲ್‌ನಿಂದ 120 ಸೆಂಟಿಮೀಟರ್, ನೆಲದಿಂದ 60. ಚಕ್ರದ ನಡುವಿನಿಂದ ನೆಲಕ್ಕೆ 35.

ಮುಳ್ಳೇರಿಯ ಮಾಸ್ತರು:
ಸರಿ. ತಿರುವಿನಲ್ಲಿ ಹಿಂಚಕ್ರದ ಹೊರಬದಿ ಆರು ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ ಎಂದು ಇಟ್ಟುಕೊಳ್ಳೋಣ. ಈಗ ಬಾಲದ ಮೂಲೆ ಅದಕ್ಕಿಂತ 12 ಸೆಂಟಿಮೀಟರ್ ಹೊರಗೆ ಬೀಸುತ್ತದೆ. 45 ಸೆಂಟಿಮೀಟರ್ ಕತ್ತರಿಸಿದರೆ ಬೀಸು 5ರ ಒಳಗೆ ಬರುತ್ತದೆ. ಅಂದರೆ ನಿಮಗೆ ಸಿಗುವುದು ಏಳೇ ಸೆಂಟಿಮೀಟರ್, ನಾಲ್ಕು ಬೆರಳಿನ ಅಗಲ. ತಿರುವಿನ ಒಳಗಿನ ಹಿಂಚಕ್ರ ಚರಂಡಿಗೆ ಇಳಿಯುವ ತೊಂದರೆ ಇದ್ದರೆ ಅದು ಒಂದು ಕೂದಲಿನಷ್ಟೂ ಬದಲಾಗುವುದಿಲ್ಲ, ಅದನ್ನು ನಿರ್ಧರಿಸುವುದು ಮುಂಚಕ್ರಕ್ಕೂ ಹಿಂಚಕ್ರಕ್ಕೂ ಇರುವ ಅಂತರ. ನಾಲ್ಕು ಬೆರಳಿಗಾಗಿ ಗಾಡಿಯನ್ನು ಕತ್ತರಿಸುವ ಬದಲು ಬರೆಯನ್ನು ಕೆತ್ತಿ. ನಮ್ಮದು ಮುರಕಲ್ಲು, ಒಳಗಿನದು ಮೆದು, ಪಿಕ್ಕಾಸಿಗೆ ಒಂದು ಬೆಳಗಿನ ಕೆಲಸ.

ಪೆರ್ಲದ ತೋಟದವ:
ಮಾಸ್ತರೇ, ಲೆಕ್ಕ ಒಪ್ಪಿದೆ. ಆದರೆ ಆ ಬರೆಯ ಮೇಲಿರುವುದು ಕುಟುಂಬದ ದೈವದ ಕಟ್ಟೆ. ಪಿಕ್ಕಾಸು ಹಿಡಿದು ಅಲ್ಲಿಗೆ ಹೋದರೆ ಆರ್‌ಟಿಒಗಿಂತ ಮೊದಲು ದೊಡ್ಡಪ್ಪನೇ ನನ್ನನ್ನು ತಡೆಯುತ್ತಾರೆ.

ಮುಳ್ಳೇರಿಯ ಮಾಸ್ತರು:
ಹಾಗಾದರೆ ಆ ಮಾತು ವಾಪಸು. ತೋಡಿನ ಲೆಕ್ಕವಾದರೂ ನಿಮ್ಮ ಪರವಾಗಿದೆ. ಟಯರಿನ ಹಿಂಬದಿಯಿಂದ ಬಾಲದ ಅಂಚಿಗೆ ಎಳೆದ ಗೆರೆ ಈಗ ನೆಲಕ್ಕೆ 28 ಡಿಗ್ರಿ, ಕತ್ತರಿಸಿದ ಮೇಲೆ 44 ದಾಟುತ್ತದೆ. ಆದರೆ ಉಜ್ಜುವುದು ಬಾಡಿಯಲ್ಲ, ಬಂಪರ್ ಎಂದು ನೀವೇ ಬರೆದಿದ್ದೀರಿ. ಬಂಪರ್ ಕೂತಿರುವುದು ಛಾಸಿಯ ತುದಿಗೆ. ಛಾಸಿಯನ್ನು ಮುಟ್ಟದೆ ಬರೀ ಬಾಡಿ ಕತ್ತರಿಸಿದರೆ, ಬಾಡಿಯಿಂದ ಹೊರಕ್ಕೆ ಚಾಚಿದ ಎರಡು ಕಬ್ಬಿಣದ ಕೊಂಬುಗಳು ಉಳಿದು ಅವೇ ನೆಲಕ್ಕೆ ತಾಗುತ್ತವೆ.

ಉಪ್ಪಳ ಗ್ಯಾರೇಜ್:
ಮಾಸ್ತರು ಹಿಡಿದದ್ದು ಸರಿಯಾದ ಎಳೆ. ಛಾಸಿಯ ತುದಿಯನ್ನೂ ಕತ್ತರಿಸಲೇಬೇಕಾಗುತ್ತದೆ. ಹಿಂದಿನ ಪ್ಲೇಟು ಸ್ಪ್ರಿಂಗಿನ ತುದಿಯನ್ನು ಛಾಸಿಗೆ ಹಿಡಿಯುವ ಶ್ಯಾಕಲ್ ಎಲ್ಲಿದೆ ಎಂದು ಅಳೆಯಿರಿ. ಅದರ ಹಿಂದೆ ಉಳಿದದ್ದು ಮಾತ್ರ ನಿಮ್ಮ ಸೊತ್ತು. ಅದನ್ನು ಗ್ಯಾಸ್ ಕಟ್ಟರಿನಲ್ಲಿ ಸುಡದೆ ಕಟಿಂಗ್ ವೀಲಿನಲ್ಲಿ ಕತ್ತರಿಸಿ, ಕೊನೆಯ ಅಡ್ಡಪಟ್ಟಿಯನ್ನು ಮುಂದಕ್ಕೆ ತಂದು ಬೋಲ್ಟ್ ಹಾಕಿ. ಛಾಸಿಯ ಮೇಲಿನ, ಕೆಳಗಿನ ಅಂಚಿಗೆ ತೂತು ಕೊರೆಯಬಾರದು, ಕೊರೆಯುವುದಾದರೆ ನಡುಮೈಗೆ.

ಸ್ಟೆಪ್ನಿಯನ್ನು ಮರೆತಿದ್ದೀರಾ? ಅದು ನೇತಾಡುವುದು ಅಲ್ಲೇ, ಆಕ್ಸಲಿನ ಹಿಂದೆ, ಬಾಡಿಯ ಅಡಿಯಲ್ಲಿ. ಟಯರಿನ ಅಡ್ಡಳತೆ 70 ಸೆಂಟಿಮೀಟರ್, ನೀವು ಉಳಿಸುವುದು 75. ಆಕ್ಸಲಿನ ನಡುವೆ ಉಬ್ಬಿರುವ ಡಿಫರೆನ್ಷಿಯಲ್‌ಗೆ ಮೇಲೆ ಕೆಳಗೆ ಆಡಲು ಜಾಗ ಬೇಡವೇ?

ಪೆರ್ಲದ ತೋಟದವ:
ಶ್ಯಾಕಲ್ ಆಕ್ಸಲ್‌ನಿಂದ 62 ಸೆಂಟಿಮೀಟರಿನಲ್ಲಿ ಇದೆ. ಸ್ಟೆಪ್ನಿಯನ್ನು ಕ್ಯಾಬಿನ್ ಹಿಂದೆ ಬಾಡಿಯೊಳಗೆ ನಿಲ್ಲಿಸಬಹುದು.

ಬಾಯಾರು ಭಾವ:
ಒಂದೂವರೆ ಅಡಿ ಕತ್ತರಿಸಿದ್ದಾಯಿತು, ಇನ್ನು ಮುಕ್ಕಾಲು ಅಡಿ ಸ್ಟೆಪ್ನಿಗೆ. ಗೊಬ್ಬರ ತಲೆಯ ಮೇಲೆ ಹೊರುತ್ತೀರಾ ಭಾವ?

ಕುಂಬಳೆ ಕಡಲಕರೆ:
ಮೂಲ ಬಾಡಿಯನ್ನು ಹಾಗೆಯೇ ಬಿಚ್ಚಿ ಮಾಡಿನಡಿ ಇಟ್ಟು, ಆಂಗ್ಲ್ ಮತ್ತು ಚೆಕರ್ ಪ್ಲೇಟಿನಲ್ಲಿ ಗಿಡ್ಡನೆಯ ಚಪ್ಪಟೆ ಬಾಡಿಯೊಂದನ್ನು ಅದೇ ಬೋಲ್ಟ್ ತೂತುಗಳಿಗೆ ಕೂರುವಂತೆ ಮಾಡಿದರೆ? ಗೇಟು ಮಾಡುವ ಕೈಗೆ ಹೇಳಿ ಮಾಡಿಸಿದ ಕೆಲಸ. ಆಂಗ್ಲಿಗೆ ಮನೆಯ ಯಂತ್ರವೇ ಸಾಕು, ಮಿಗ್ ಬೇಡ. ಫಿಟ್‌ನೆಸ್ ಬಂದಾಗ ಹಳೆಯದನ್ನು ಮತ್ತೆ ಏರಿಸಿದರಾಯಿತು.

ಗಡಿನಾಡ ವಕೀಲೆ:
ಕೊನೆಯ ವಾಕ್ಯವನ್ನು ನಾನು ಓದಿಲ್ಲ ಎಂದುಕೊಳ್ಳುತ್ತೇನೆ. ಗಿಡ್ಡ ಬಾಡಿಯಲ್ಲಿ ಸಾರ್ವಜನಿಕ ರಸ್ತೆಗೆ ಇಳಿದರೆ ಅದೂ ಮಾರ್ಪಾಡೇ, ಬೋಲ್ಟ್ ಹಾಕಿದ್ದೋ ಬೆಸೆದದ್ದೋ ಎಂದು ಕಾಯ್ದೆ ಕೇಳುವುದಿಲ್ಲ.

ಪೆರ್ಲದ ತೋಟದವ:
ಬಾಡಿಯನ್ನು ಈಗ ಮುಟ್ಟುವುದಿಲ್ಲ. ಮೊದಲು ಬಂಪರನ್ನೂ ಸ್ಟೆಪ್ನಿಯನ್ನೂ ಬಿಚ್ಚಿ ಖಾಲಿ ಗಾಡಿಯಲ್ಲಿ ತೋಡು ಹತ್ತಿಸಿ ನೋಡುತ್ತೇನೆ. ಅಷ್ಟಕ್ಕೇ ಉಜ್ಜುವುದು ನಿಂತರೆ ತೋಡಿನ ಏರಿಗೆ ಎರಡು ಲೋಡು ಜಲ್ಲಿ ಹಾಕಿ ಇಳಿಜಾರು ತಗ್ಗಿಸಿದರೆ ಸಾಕಾಗಬಹುದು. ನಿಲ್ಲದಿದ್ದರೆ ಅಳತೆಯ ನಕ್ಷೆ ಹಿಡಿದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುತ್ತೇನೆ. ಅಕ್ಕ, ಅರ್ಜಿಯ ಜೊತೆ ಏನೇನು ಬೇಕು?

ಗಡಿನಾಡ ವಕೀಲೆ:
ಆರ್‌ಸಿ, ವಿಮೆ, ಫಿಟ್‌ನೆಸ್ ಪತ್ರ, ಹೊಗೆ ಪರೀಕ್ಷೆಯ ಪ್ರಮಾಣಪತ್ರ ಹಿಡಿದುಕೊಂಡು ಹೋಗಿ. ಸಾಲ ಬಾಕಿ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಮತ್ತೆ, ಬಂಪರ್ ಬಿಚ್ಚಿದ ಪರೀಕ್ಷೆ ತೋಟದೊಳಗೇ ಮುಗಿಯಲಿ. ಹಾಗೆಯೇ ಬದಿಯಡ್ಕ ಪೇಟೆಗೆ ಹೋಗಬೇಡಿ, ಹಿಂದಿನಿಂದ ಬರುವ ಬೈಕ್ ಸವಾರನಿಗೂ ಗಾಡಿಯ ಅಡಿಗೂ ನಡುವೆ ಇರುವುದು ಅದೊಂದೇ.

ಉಪ್ಪಳ ಗ್ಯಾರೇಜ್:
ಬಂಪರಿನ ಬೋಲ್ಟುಗಳಿಗೆ ಹಿಂದಿನ ದಿನವೇ ಡೀಸೆಲ್ ಬಿಟ್ಟಿಡಿ.