ಎಕೋ ಡಾಟನ್ನು ಅಪ್ಪನ ಹಳೇ ಆಂಪ್ಲಿಫೈಯರಿಗೆ ಹಾಕಿದ್ರೆ ಸೌಂಡ್ ಒಡೀತದೆ, ಎಂತ ಮಾಡುದು?

ಕಾಪು_ಕಡಲು:
ಎಲ್ರಿಗೂ ನಮಸ್ಕಾರ. ನಮ್ಮ ಮನೆ ಕಾಪುವಲ್ಲಿ, ಸಮುದ್ರಕ್ಕೆ ಹತ್ರ. ಅಪ್ಪ ದುಬೈಯಲ್ಲಿದ್ದಾಗ ತಂದ ಜಪಾನ್ ಆಂಪ್ಲಿಫೈಯರ್ ಒಂದುಂಟು, ಜೊತೆಗೆ ಮರದ ಡಬ್ಬದ ಎರಡು ದೊಡ್ಡ ಸ್ಪೀಕರ್, ಕ್ಯಾಸೆಟ್ ಡೆಕ್ ಹಾಳಾದ ಮೇಲೆ ಅಮ್ಮ ಅದಕ್ಕೊಂದು ಬಟ್ಟೆ ಹೊದೆಸಿ ಮೇಲೆ ಹೂದಾನಿ ಇಟ್ಟಿದ್ರು. ಮೊನ್ನೆ ತಂಗಿ ಎಕೋ ಡಾಟ್ ಕೊಟ್ಳು, ಅಮೆಜಾನಿನ ಸಣ್ಣ ಅಲೆಕ್ಸಾ ಸ್ಪೀಕರ್, ಐದನೇ ಜನರೇಷನ್. ಬಾಯಲ್ಲಿ ಹೇಳಿದ್ರೆ ಭಾಗವತರ ಪದ ಬರ್ತದೆ ಅಂತ ಅಪ್ಪನಿಗೆ ಭಾರೀ ಖುಷಿ, ಆದ್ರೆ ಎರಡು ದಿನ ಕೇಳಿ "ಇದು ಚೆಂಡೆಯಾ ಮಾರಾಯ, ಬಿಸ್ಕೆಟ್ ಡಬ್ಬ ಬಡಿದ ಹಾಗೆ ಉಂಟು" ಅಂದ್ರು.

ಹಾಗೆ ಮಂಗಳೂರಿಗೆ ಹೋದವ ಹಂಪನಕಟ್ಟೆಯಿಂದ ಕೇಬಲ್ ತಂದೆ, ಮನೆಗೆ ಬಂದು ನೋಡಿದ್ರೆ ಡಾಟಿನಲ್ಲಿ ಅದನ್ನು ಹಾಕ್ಲಿಕ್ಕೆ ತೂತೇ ಇಲ್ಲ! ಮತ್ತೆ ಒಂದು ಬ್ಲೂಟೂತ್ ರಿಸೀವರ್ ತರಿಸಿ ಆಂಪಿನ ಹಿಂದೆ ಖಾಲಿ ಇದ್ದ ಕೆಂಪು-ಬಿಳಿ ಜಾಗಕ್ಕೆ ಚುಚ್ಚಿದೆ. ಸೌಂಡ್ ಬಂತು, ಆದ್ರೆ ಎಲ್ಲ ಗುಂ ಗುಂ, ವಾಲ್ಯೂಮ್ ಎರಡಕ್ಕೇ ಕಿಟಕಿ ನಡುಗ್ತದೆ, ಚೆಂಡೆ ಪೆಟ್ಟು ಬಿದ್ದಾಗೆಲ್ಲ ಪರ್ ಪರ್ ಅಂತ ಒಡೀತದೆ. ಸ್ಪೀಕರ್ ಹೋಯ್ತಾ? ರಿಸೀವರ್ ಡೂಪ್ಲಿಕೇಟಾ? ಅಪ್ಪ ನನ್ನ ಮುಖವನ್ನೇ ನೋಡ್ತಿದ್ದಾರೆ.

ಕುಡ್ಲದ_ಟೇಪು:
ತೂತಿನ ವಿಷಯ ಹೇಳುದಾದ್ರೆ, 2018ರ ಮೂರನೇ ಜನರೇಷನ್, 2020ರ ನಾಲ್ಕನೇ ಜನರೇಷನ್ ಡಾಟಿನಲ್ಲಿ 3.5 ಎಂಎಂ ಜಾಕ್ ಇತ್ತು, 2022ರ ಐದನೇದ್ರಲ್ಲಿ ತೆಗ್ದಿದ್ದಾರೆ. ಯಾರಾದ್ರೂ ಹಳೇದು ಮಾರುವವ್ರಿದ್ರೆ ಅದನ್ನೇ ತಗೊಳ್ಳಿ, ವಯರ್ ವಯರೇ. ಇಲ್ಲದಿದ್ರೆ ಬ್ಲೂಟೂತೂ ಸಾಕು, ಪದ ಕೇಳ್ಲಿಕ್ಕೆ ಎಂತ ತೊಂದ್ರೆ ಇಲ್ಲ.

ಹಳೇ_ಸೋಲ್ಡರ್:
ಸ್ಪೀಕರ್ ಹೋಗ್ಲಿಲ್ಲ ಮಾರಾಯ್ರೆ, ಎಂತದನ್ನೂ ಬಿಚ್ಬೇಡಿ. ಟಾರ್ಚ್ ಹಿಡ್ಕೊಂಡು ಆಂಪಿನ ಹಿಂದೆ ಒಮ್ಮೆ ನೋಡಿ, ನೀವು ಚುಚ್ಚಿದ ಜಾಗದ ಪಕ್ಕದಲ್ಲಿ ಕೈಯಲ್ಲೇ ತಿರುಗಿಸುವಂಥ ಒಂದು ಸಣ್ಣ ಸ್ಕ್ರೂ ಉಂಟಾ?

ಕಾಪು_ಕಡಲು:
ಉಂಟು ಉಂಟು! ತುಕ್ಕು ಹಿಡಿದು ಅಕ್ಷರ ಎಲ್ಲ ಹೋಗಿದೆ, ಜಿ ಅಂತ ಒಂದು ಮಾತ್ರ ಕಾಣ್ತದೆ.

ಹಳೇ_ಸೋಲ್ಡರ್:
ಹಾಗಾದ್ರೆ ಅದೇ. ಜಿಎನ್‌ಡಿ, ಗ್ರೌಂಡ್, ರೆಕಾರ್ಡ್ ಪ್ಲೇಯರಿನ ಅರ್ತ್ ವಯರ್ ಕಟ್ಟುವ ಸ್ಕ್ರೂ ಅದು. ಅಂದ್ರೆ ನೀವು ಹಾಕಿದ್ದು ಫೋನೋ ಸಾಕೆಟಿಗೆ. ರೆಕಾರ್ಡಿನ ಮುಳ್ಳಿಂದ ಬರುದು ಬರೀ 5 ಮಿಲಿವೋಲ್ಟ್ ಅಂದಾಜು, ಅದಕ್ಕೆ ಆ ಸಾಕೆಟಿನ ಹಿಂದೆ ಇನ್ನೊಂದು ಸಣ್ಣ ಆಂಪ್ ಕೂತು ಅದನ್ನು ನೂರು ಪಟ್ಟಿನಷ್ಟು ಏರಿಸ್ತದೆ, ಮತ್ತೆ ರೆಕಾರ್ಡ್ ಕತ್ತರಿಸುವಾಗ ಬೇಸ್ ಕಮ್ಮಿ ಮಾಡಿರ್ತಾರಲ್ಲ, ಅದನ್ನೂ ವಾಪಸ್ ತುಂಬಿಸ್ತದೆ. ನಿಮ್ಮ ರಿಸೀವರ್ ಕೊಡುದು ಅದರ ಎಷ್ಟೋ ಪಾಲು ಜಾಸ್ತಿ, ಗುಂ ಗುಂ ಅನ್ನದೆ ಎಂತ ಮಾಡ್ತದೆ ಪಾಪ.

ವಾಲ್ಯೂಮ್ ಸೊನ್ನೆಗೆ ತಂದು, ಆಂಪ್ ಆಫ್ ಮಾಡಿ, ಪಿನ್ ತೆಗೆದು ಆಕ್ಸ್, ಟ್ಯೂನರ್, ಸಿಡಿ ಯಾವುದಿದ್ರೂ ಅದಕ್ಕೆ ಹಾಕಿ, ಮುಂದಿನ ಗುಬ್ಬಿಯನ್ನೂ ಅದಕ್ಕೇ ತಿರುಗಿಸಿ. ಟೇಪ್ ಆದ್ರೂ ಅಡ್ಡಿಲ್ಲ, ಆದ್ರೆ ಪ್ಲೇ ಅಂತ ಇದ್ದದ್ದಕ್ಕೆ, ರೆಕ್ ಅಂತ ಇದ್ದದ್ದಕ್ಕೆ ಅಲ್ಲ. ಕಾಪುವಿನ ಉಪ್ಪುಗಾಳಿಗೆ ಸಾಕೆಟ್ ಹಸಿರು ಕಟ್ಟಿರ್ತದೆ, ನಾಲ್ಕು ಸಲ ಪಿನ್ ಹಾಕಿ ತೆಗ್ದು ಮಾಡಿ, ಕಾಂಟಾಕ್ಟ್ ಕ್ಲೀನರ್ ಇದ್ರೆ ಒಂದು ಚೂರು ಹೊಡೀರಿ.

ಬೈಂದೂರು_ಬಸ್ಸು:
ಇದು ದುಬೈದು ಆದ್ದರಿಂದ ಬಚಾವ್. ನಮ್ಮ ಮಾವ ಸೌದಿಯಿಂದ ತಂದ ಸೆಟ್ಟಿನ ಹಿಂದೆ ವೋಲ್ಟೇಜ್ ಸ್ವಿಚ್ ಒಂದಿತ್ತು, ಅದು 110ರಲ್ಲೇ ಇತ್ತು, ನಾನು ಗೊತ್ತಿಲ್ಲದೆ ನಮ್ಮ 230ಕ್ಕೆ ಚುಚ್ಚಿ ಮನೆಯಿಡೀ ಸುಟ್ಟ ವಾಸನೆ. ಗಲ್ಫ್ ಸೆಟ್ ಅಟ್ಟದಿಂದ ಇಳಿಸುವವರು ಅದನ್ನೊಮ್ಮೆ ನೋಡಿ ಆಯ್ತಾ. ಮತ್ತೆ ಗುಡುಗು ಶುರುವಾದ್ರೆ ಪ್ಲಗ್ ಎಳೆದಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲುದಿಲ್ಲ.

ಕಾಪು_ಕಡಲು:
ಟ್ಯೂನರಿಗೆ ಹಾಕಿದೆ. ಅಬ್ಬ! ಮದ್ದಳೆ ಬೇರೆ, ಚೆಂಡೆ ಬೇರೆ ಕೇಳ್ತದೆ ಈಗ. ಅಪ್ಪ ಕುರ್ಚಿ ಎಳೆದು ಸ್ಪೀಕರಿನ ಎದುರೇ ಕೂತಿದ್ದಾರೆ. ಆದ್ರೆ ಈಗ ಹೊಸ ತಲೆನೋವು, ಪದ ಏರಿದಾಗ ಅಪ್ಪ ಅಲೆಕ್ಸಾ ಅಲೆಕ್ಸಾ ಅಂತ ಬೊಬ್ಬೆ ಹೊಡೆದ್ರೂ ಅದಕ್ಕೆ ಕೇಳುದೇ ಇಲ್ಲ. ಮತ್ತೆ ರಾತ್ರಿ ಆಂಪ್ ಬಂದ್ ಮಾಡಿದ ಮೇಲೆ ಟೈಮ್ ಕೇಳಿದ್ರೆ ಸ್ವರವೇ ಹೊರಡುದಿಲ್ಲ.

ಕುಡ್ಲದ_ಟೇಪು:
ಡಾಟ್ ಆಂಪಿನ ಮೇಲೆ ಇಟ್ಟಿದ್ದೀರಲ್ವಾ? ವಯರ್ ಇಲ್ಲ ಅಲ್ವಾ, ಸ್ಪೀಕರಿನಿಂದ ದೂರ, ಅಪ್ಪ ಕೂರುವ ಕಡೆ ಇಡಿ, ನಡುವೆ ಗೋಡೆ ಜಾಸ್ತಿ ಇರ್ಬಾರ್ದು ಅಷ್ಟೆ. ಡಾಟಿನ ವಾಲ್ಯೂಮ್ ಏಳೋ ಎಂಟೋ ಇಟ್ಟು, ಆಂಪಿನ ಗುಬ್ಬಿಯನ್ನು ಮನೆಯವ್ರು ಬೈಯದಷ್ಟಕ್ಕೆ ನಿಲ್ಸಿ, ಮತ್ತೆ ಎಲ್ಲ ಬಾಯಲ್ಲೇ. ಸ್ವರ ಹೊರಡದ್ದು ಯಾಕಂದ್ರೆ ರಿಸೀವರ್ ಇನ್ನೂ ಆನ್ ಇರ್ತದೆ, ಅಲೆಕ್ಸಾ ಮಾತಾಡಿದ್ದೂ ಅಲ್ಲಿಗೇ ಹೋಗ್ತದೆ. ಆಂಪ್, ರಿಸೀವರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ಒಟ್ಟಿಗೆ ಬಂದ್ ಮಾಡಿ, ಆಗ ಡಾಟ್ ತನ್ನ ಸ್ಪೀಕರಿನಲ್ಲೇ ಮಾತಾಡ್ತದೆ.

ಕಾಪು_ಕಡಲು:
ಸರಿಯಾಯ್ತು. ಡಾಟ್ ಈಗ ಊಟದ ಮೇಜಿನ ಮೇಲೆ, ಅಡುಗೆಮನೆ ಬಾಗಿಲ ಹತ್ರ ಉಂಟು. ಅಲ್ಲಿಗೆ ಅಪ್ಪನ ಸ್ವರಕ್ಕಿಂತ ಅಮ್ಮನ ಸ್ವರ ಚೆಂದ ಕೇಳ್ತದೆ ಅಂತ ಇವತ್ತು ಗೊತ್ತಾಯ್ತು, ಪದ ಏರುವಷ್ಟರಲ್ಲಿ ಅಮ್ಮ ಒಳಗಿಂದಲೇ "ಅಲೆಕ್ಸಾ ಸ್ಟಾಪ್".