ಪದಚರ್ಚೆ: ‘ಹೋಮ್ ರನ್ ಲೀಡರ್ಸ್’ಗೆ ಕನ್ನಡದಲ್ಲಿ ಏನು?

ಬಳಗಕ್ಕೆ ನಮಸ್ಕಾರ. ಅಮೆರಿಕದ ಬೇಸ್‌ಬಾಲ್ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಹೋಮ್ ರನ್ ಅಂದರೆ ಒಂದೇ ಹೊಡೆತಕ್ಕೆ ಬೇಸ್‌ಗಳನ್ನೆಲ್ಲ (ಓಡುವಾಗ ಮುಟ್ಟಬೇಕಾದ ಗುರುತುಗಳು) ಸುತ್ತಿ ಹೊರಟ ಕಡೆಗೇ ಬರುವುದು. ಲೇಖನ 1998ರ ಸೀಸನ್ನಿನದು. ರೋಜರ್ ಮಾರಿಸ್ 1961ರಲ್ಲಿ ಬರೆದಿದ್ದ 61 ಹೋಮ್ ರನ್ನಿನ ದಾಖಲೆಯನ್ನು ಮಾರ್ಕ್ ಮೆಕ್‌ಗ್ವೈರ್ (70), ಸ್ಯಾಮಿ ಸೋಸಾ (66) ಇಬ್ಬರೂ ದಾಟಿದ ವರ್ಷ. ಹೋಮ್ ರನ್ ಲೆಕ್ಕದಲ್ಲಿ ಮುಂದಿರುವವರ ಪಟ್ಟಿಯ ತಲೆಬರಹಕ್ಕೆ ಪದ ಬೇಕು. ‘ಸಿಕ್ಸರ್ ಸರದಾರರು’ ಅಂತ ಹಾಕಬಹುದಾ? ಸಂಜೆಯೊಳಗೆ ಕಳಿಸಬೇಕು.

— ಸಿಕ್ಸರ್ ಬೇಡವೇ ಬೇಡ. ಸಿಕ್ಸರ್ ಅಂದರೆ ಆರೇ ರನ್. ಹೋಮ್ ರನ್ನಿಗೆ ಒಂದೂ ಬರಬಹುದು, ಮೂರೂ ಬೇಸ್‌ನಲ್ಲಿ ಆಟಗಾರರು ನಿಂತಿದ್ದರೆ ನಾಲ್ಕೂ ಬರಬಹುದು. ಚೆಂಡು ಬೇಲಿ ದಾಟಲೇಬೇಕು ಅಂತಲೂ ಇಲ್ಲ. 2007ರ ಆಲ್ ಸ್ಟಾರ್ (ಆಯ್ದ ತಾರೆಯರ) ಪಂದ್ಯದಲ್ಲಿ ಜಪಾನಿನ ಆಟಗಾರ ಇಚಿರೊ ಹೊಡೆದ ಚೆಂಡು ಗೋಡೆಗೆ ಬಡಿದು ಯಾರೂ ನೆನೆಸದ ಕಡೆಗೆ ಪುಟಿಯಿತು. ಅದು ವಾಪಸ್ ಬರುವಷ್ಟರಲ್ಲಿ ಆತ ಸುತ್ತು ಮುಗಿಸಿದ್ದ. ಅದೂ ಹೋಮ್ ರನ್ನೇ.

— ‘ಮನೆಯೋಟ’ ಎನ್ನಿ. ಆಡು–ಆಟ, ನೋಡು–ನೋಟ, ಓಡು–ಓಟ. ಚೌಕಾಬಾರದಲ್ಲಿ ಕಾಯಿ ನಿಲ್ಲುವ ಒಂದೊಂದು ಚೌಕವೂ ‘ಮನೆ’ಯೇ ಅಲ್ವಾ? ಮನೆಯಿಂದ ಮನೆಗೆ ನಡೆದು ಸುತ್ತು ಮುಗಿಸಿದ ಕಾಯಿ ‘ಹಣ್ಣಾಯ್ತು’ ಅಂತೀವಿ. ಬೇಸ್‌ಬಾಲಿನ ನಡೆಯೂ ಅಂಥದ್ದೇ. ಪದ ಕೈಯಲ್ಲೇ ಇರುವಾಗ ಎರವಲು ಯಾಕೆ? ಲೀಡರಿಗೆ ‘ಮುಂದಾಳು’.

— ಒಪ್ಪಲಾರೆ. ‘ಮನೆಯೋಟ’ ಅಂತ ಓದಿದವರಿಗೆ ಬೇಸ್‌ಬಾಲ್ ನೆನಪಾಗುವುದಿಲ್ಲ. ಮುಂದಾಳು ಅಂದರೆ ಜನರನ್ನು ನಡೆಸುವವನು, ಇಲ್ಲಿ ಕೇಳಿರುವುದು ಲೆಕ್ಕದಲ್ಲಿ ಮುಂದಿರುವವನನ್ನು. ರನ್ನಿಗೆ, ರನ್ನಿನ, ರನ್ನುಗಳು ಅಂತ ವಿಭಕ್ತಿ ಹತ್ತಿ ಎಷ್ಟೋ ಕಾಲವಾಯಿತು. ಅದು ನಮ್ಮದೇ ಪದ.

— ವಿಭಕ್ತಿ ಯಾವ ಪದಕ್ಕೂ ಹತ್ತುತ್ತದೆ. ಅದು ಒಪ್ಪಿಗೆಯ ಮುದ್ರೆಯಲ್ಲ. ಬ್ಯಾಟ್ಸ್‌ಮನ್ ಇದ್ದರೂ ಚಿನ್ನಿದಾಂಡಿನ ದಾಂಡಿನಿಂದ ‘ದಾಂಡಿಗ’ ಬಂತು, ಪತ್ರಿಕೆಗಳಲ್ಲಿ ನಿಂತಿತು. ಬಳಸದೆ ‘ನಿಲ್ಲಲ್ಲ’ ಅನ್ನಬೇಡಿ.

— ಜಗಳ ಆಮೇಲೆ ಆಡೋಣ, ಅವರಿಗೆ ಸಂಜೆಯೊಳಗೆ ಬೇಕಂತೆ. ‘ಅತಿ ಹೆಚ್ಚು ಹೋಮ್ ರನ್ ಹೊಡೆದವರು’ ಅಂತ ಹಾಕಿ. ಅಗ್ರಸ್ಥಾನದವನಿಗೆ ‘ಮೊದಲಿಗ’. ಆದರೆ ಅಲ್ಲಿ ನ್ಯಾಷನಲ್, ಅಮೆರಿಕನ್ ಅಂತ ಎರಡು ಲೀಗ್ ಇವೆ, ಪಟ್ಟಿಯನ್ನು ಲೀಗ್ ಪ್ರಕಾರ ಎರಡು ಮಾಡಿ. ಮೆಕ್‌ಗ್ವೈರ್, ಸೋಸಾ ಇಬ್ಬರೂ ನ್ಯಾಷನಲ್ ಲೀಗಿನವರು. ಅಮೆರಿಕನ್ ಲೀಗಿನಲ್ಲಿ ಆ ವರ್ಷ 56 ಹೊಡೆದು ಮೊದಲಿಗನಾದವನು ಕೆನ್ ಗ್ರಿಫಿ ಜೂನಿಯರ್. ಎರಡನ್ನೂ ಸೇರಿಸಿದರೆ ಆತ ಸುಮ್ನೆ ಮೂರನೆಯವನಾಗುತ್ತಾನೆ.

— ‘ಮೊದಲಿಗ’ ಸರಿ. ‘ರನ್’ ಬಗ್ಗೆ ನನ್ನ ತಕರಾರು ಹಾಗೇ ಇದೆ.